ಬಿಸಿಲು ತಿಂದ ತಂಗೂಸು

ಇದನ್ನು ಹೇಳುವುದನ್ನು ಎಷ್ಟೋ ವರ್ಷ ಮುಂದೂಡುತ್ತ ಬಂದೆ. ಎಪ್ಪತ್ತು ದಾಟಿತು, ಮುಂದೂಡಲು ಇನ್ನು ವರ್ಷಗಳೂ ಇಲ್ಲ. ನಮ್ಮ ಭಾವ, ಅಂದರೆ ಅಕ್ಕನ ಗಂಡ, ಮೀನಿನ ಕಣ್ಣಿನಿಂದ ಲೋಕ ನೋಡುತ್ತಿದ್ದರು ಎಂದರೆ ನಂಬುತ್ತೀರಾ?

ತಂಗೂಸು ಗೊತ್ತಲ್ಲ, ಗಾಳಕ್ಕೆ ಕಟ್ಟುವ ನೈಲಾನ್ ದಾರ? ಅದನ್ನು ಕೊಳ್ಳಲು ಠಾಣೆ ಪೇಟೆಗೆ ಹೋಗುವಾಗ ಭಾವ, ಸಮುದ್ರ ಒಳಹೊಕ್ಕ ಐರೋಲಿ ಖಾಡಿಯ ನೀರನ್ನು ಬಾಟಲಿಯಲ್ಲಿ ಒಯ್ಯುವರು. ಅದನ್ನು ಅಂಗಡಿಯವನ ಗ್ಲಾಸಿಗೆ ಸುರಿದು, ಒಂದೊಂದೇ ದಾರ ಇಳಿಬಿಟ್ಟು, ಗ್ಲಾಸನ್ನು ತಲೆಯ ಮೇಲೆತ್ತಿ ಕೆಳಗಿನಿಂದ ನೋಡುವರು. ಮೀನು ಹಾಗೆ ತಾನೇ ನೋಡುವುದು! ಅಂಗಡಿಯವ ಕೊನೆಗೆ ಕೈಮುಗಿದ: "ಅಂಕಲ್, ಮಛಲೀ ಹೀ ಖರೀದ್ ಲೋ, ಸಸ್ತಾ ಪಡೇಗಾ!" ಮೀನನ್ನೇ ಕೊಂಡರೆ ಅಗ್ಗವಂತೆ!

"ಈ ಕೆಸರಲ್ಲಿ ಬಾವಿಹಗ್ಗ ಬಿಟ್ಟರೂ ಮೀನಿಗೆ ಕಾಣದು, ಭಾವ" ಎಂದೆ.

"ಭರತದ ನೀರು, ಉಬ್ಬರದ್ದು, ತಿಳಿಯಾಗಿ ಬರುವಾಗ ಕಾಣ್ತದೆ ಮಾರಾಯ! ತೆಳ್ಳಗಿದ್ದರೆ ಕಾಣುವುದಿಲ್ಲ, ಆದರೆ ತುಂಡಾಗ್ತದೆ. ದಪ್ಪ ಇದ್ದರೆ ತುಂಡಾಗುವುದಿಲ್ಲ, ಮೀನೇ ಹತ್ತಿರ ಬರುವುದಿಲ್ಲ. ಎಂತ ಮಾಡುವುದು, ಹೇಳು?"

ಮನೆಯಲ್ಲಿ ಇನ್ನೊಂದು ಪರೀಕ್ಷೆ. ಫ್ಯಾನಿನ ಕೊಕ್ಕೆಗೆ ತಂಗೂಸು ಕಟ್ಟಿ, ಕ್ಯಾನ್ ತೂಗಿಸಿ, ಚೊಂಬು ಚೊಂಬಾಗಿ ನೀರು ಹೊಯ್ಯುವುದು. ಏಳನೆಯ ಚೊಂಬಿಗೆ ದಾರ ತುಂಡಾಗಿ ಟಿವಿಗೆ ಸ್ನಾನ! ಅಕ್ಕ ಬಾಗಿಲಲ್ಲೇ ನಿಂತಳು: "ಮೀನು ಇನ್ನೂ ಬರಲಿಲ್ಲ, ಸಮುದ್ರ ಬಂತು."

ಎಲ್ಲರೂ ನಕ್ಕೆವು. ಭಾವ ದುಡಿಯುತ್ತಿದ್ದ ವಾಗ್ಳೆ ಎಸ್ಟೇಟಿನ ಕಾರ್ಖಾನೆ ಮುಚ್ಚಿದ ಮೇಲೆ ಆ ಮನುಷ್ಯನ ಮಾತಿಗೆ ಬೆಲೆಯಿದ್ದದ್ದು ಖಾಡಿಯ ದಡದಲ್ಲಿ ಮಾತ್ರ ಎಂದು ನಮಗೆ ಹೊಳೆಯಲಿಲ್ಲ. ಮನೆ ನಡೆಯುತ್ತಿದ್ದದ್ದು ಅಕ್ಕನ ಟಿಫಿನ್ ಡಬ್ಬಿಗಳಿಂದ.

ಆರಿಸಿದ ತಂಗೂಸನ್ನು ಭಾವ ಕಪ್ಪು ಬಟ್ಟೆಯಲ್ಲಿ ಸುತ್ತಿ ಅಕ್ಕಿಡಬ್ಬಿಯಲ್ಲಿ ಇಡುತ್ತಿದ್ದರು. ಬಿಸಿಲು ನೈಲಾನನ್ನು ಒಳಗೊಳಗೇ ತಿನ್ನುತ್ತದಂತೆ. ಮುಟ್ಟಿದರೆ ತಿಳಿಯದು, ಮೀನು ಎಳೆದಾಗಲೇ ತಿಳಿಯುವುದು. ಎಸ್ಸೆಸ್ಸೆಲ್ಸಿ ಪಾಸಾದ ನಾನು ಇದನ್ನೆಲ್ಲ ನಂಬುವುದೇ? ಒಂದು ಬೇಸಿಗೆ ಅವರಿಬ್ಬರೂ ಊರಿಗೆ ಹೋಗಿದ್ದಾಗ, ಮನೆ ಕಾಯಲು ಬಂದ ನಾನು ಆ ಸುರುಳಿಯನ್ನು ತೆಗೆದು ಎರಡು ತಿಂಗಳು ಬಾಲ್ಕನಿಯ ಗ್ರಿಲ್‌ಗೆ ನೇತುಹಾಕಿದೆ. ಮತ್ತೆ ಮೊದಲಿನಂತೆ ಸುತ್ತಿಟ್ಟೆ.

ಊರಿಂದ ಬಂದವರೇ ಭಾವ ಅಕ್ಕನನ್ನು ಮೊದಲ ಬಾರಿ ಖಾಡಿಗೆ ಹೊರಡಿಸಿದರು. ನನ್ನ ಕಿವಿಯಲ್ಲಿ ಹೇಳಿದರು: "ಅವಳ ಕಣ್ಣೆದುರು ಒಂದು ದೊಡ್ಡ ಮೀನು ಎಳೆಯಬೇಕು ಮಾರಾಯ. ಕೂತು ತಿನ್ನುವವನಲ್ಲ ನಾನು ಎಂದು ಅವಳಿಗೆ ಗೊತ್ತಾಗಲಿ."

ದಡದಲ್ಲಿ ಗಂಟು ಹಾಕುತ್ತ ಕೇಳಿದರು: "ಇದಕ್ಕೆ ಬಿಸಿಲು ತಾಗಿಲ್ಲ ತಾನೇ?"

"ಇಲ್ಲ ಭಾವ. ಡಬ್ಬಿಯಲ್ಲೇ ಇತ್ತು."

ಇಲ್ಲಿಂದ ಮುಂದೆ ಅವರನ್ನು ಭಾವ ಎಂದು ಕರೆಯಲು ನನಗೆ ಬಾಯಿ ಬರುತ್ತಿಲ್ಲ.

ಮೀನು ಬಂತು. ಎಂಥ ಮೀನು! ಬೆಳ್ಳಗೆ ಒಮ್ಮೆ ಹೊರಳಿತು, ಅಕ್ಕ "ಅಯ್ಯೋ, ಹಿಡೀರಿ!" ಎಂದು ಎದ್ದು ನಿಂತಳು. ನಾನೂ ದಾರಕ್ಕೆ ಕೈ ಹಾಕಿದೆ. ಸದ್ದೇ ಇಲ್ಲದೆ ತುಂಡಾಯಿತು.

ಅವರು ಉಳಿದ ತುದಿಯನ್ನು ಎರಡು ಬೆರಳಿಗೆ ಸುತ್ತಿ ಮೆಲ್ಲಗೆ ಜಗ್ಗಿದರು. ಹರಿಯಿತು. ಇನ್ನೊಮ್ಮೆ ಜಗ್ಗಿದರು. ಆಮೇಲೆ ನನ್ನ ಮುಖ ನೋಡಿದರು.

"ಇಷ್ಟೇನಾ ನಿಮ್ಮ ಶಾಸ್ತ್ರ?" ಎಂದಳು ಅಕ್ಕ.

"ನನ್ನದೇ ತಪ್ಪು," ಎಂದರು. "ತೆಳ್ಳಗಿನದ್ದು ಆರಿಸಿಬಿಟ್ಟೆ."

ಮತ್ತೆ ಗಾಳ ಮುಟ್ಟಲಿಲ್ಲ. ಮೂರು ವರ್ಷ ಗೋಡೆ ನೋಡುತ್ತ ಕೂತು, ಹೋಗಿಬಿಟ್ಟರು.

ಅಂದು ಖಾಡಿಯಿಂದ ಮರಳುವಾಗ ರಿಕ್ಷಾದಲ್ಲಿ ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದಿದ್ದೆ. ಅಷ್ಟರಲ್ಲಿ ಅವರು ನನ್ನ ಅಂಗೈ ಎಳೆದುಕೊಂಡರು. ದಾರ ಕೊಯ್ದು ರಕ್ತ ಬಂದಿತ್ತು, ನನಗೇ ಗೊತ್ತಿರಲಿಲ್ಲ. ತಮ್ಮ ಕರ್ಚೀಫನ್ನು ಸುತ್ತಿ ಕಟ್ಟುತ್ತ ಕೇಳಿದರು: "ಉರಿಯುತ್ತಾ?"

"ಇಲ್ಲ" ಎಂದೆ.