ಇನ್ನೂರು ಸಾಮಾನಿನ ಚೀಲ

ತಾನು ಆಡುತ್ತಿದ್ದ ವಿಡಿಯೊ ಗೇಮಿನ ಮೊದಲ ಭಾಗದ ಮೇಲೆ ವಿಜಯನಗರದ ಗಿರಿರಾಜನಿಗೆ ಇದ್ದದ್ದು ಒಂದೇ ಸಿಟ್ಟು. ರಾಕ್ಷಸರನ್ನು ಸಂಹರಿಸುವ ಮಹಾವೀರನ ಚೀಲದಲ್ಲಿ ಹಿಡಿಯುತ್ತಿದ್ದದ್ದು ಬರೀ ನಲವತ್ತು ಸಾಮಾನು! ಅವನು ಕಂಪನಿಗೆ ಮೂರು ಪುಟದ ದೂರು ಬರೆದ. (ಸೋರುವ ನಲ್ಲಿಗಾಗಿ ಪ್ಲಂಬರ್‌ಗೆ ಒಂದು ಫೋನ್ ಮಾಡಲು ಮಾತ್ರ ಅವನಿಗೆ ಇವತ್ತಿಗೂ ಪುರುಸೊತ್ತಾಗಿಲ್ಲ.) ಅವನ ಪುಣ್ಯವೋ, ಹೆಂಡತಿ ಶರಣ್ಯಾಳ ಕರ್ಮವೋ, ಎರಡನೇ ಭಾಗದಲ್ಲಿ ಚೀಲ ಇನ್ನೂರಕ್ಕೆ ಹಿಗ್ಗಿತು. ಆಯುಧಕ್ಕೆ ಬಲ ತುಂಬುವ ಹರಳು ಕೂರಿಸಬಹುದು, ಕವಚಕ್ಕೆ ಬೇಕಾದ ಬಣ್ಣ ಬಳಿಯಬಹುದು. ಗಿರಿರಾಜ ಒಂದೇ ತಿಂಗಳಲ್ಲಿ ಇನ್ನೂರನ್ನೂ ತುಂಬಿಸಿ ಮತ್ತೆ ಗೊಣಗತೊಡಗಿದ.

ಆ ಭಾನುವಾರ ಹನ್ನೊಂದು ಗಂಟೆಗೆ ಗೆಳೆಯರೆಲ್ಲ ಅವರವರ ಮನೆಯಿಂದಲೇ ಆನ್‌ಲೈನಿನಲ್ಲಿ ಸೇರಿ ಕೋಟೆಗೆ ಮುತ್ತಿಗೆ ಹಾಕಬೇಕಿತ್ತು. ಗಿರಿರಾಜನೇ ಕ್ಯಾಪ್ಟನ್. ಎರಡು ವಾರದಿಂದ ಸೋತದ್ದೇ ಸೋತದ್ದು. ಈ ಸಲವೂ ಸೋತರೆ ಕ್ಯಾಪ್ಟನ್ ಬದಲು ಎಂದು ಆರ್‌ಪಿಸಿ ಲೇಔಟಿನ ಭೈರೇಶ ಎಚ್ಚರಿಸಿದ್ದ. ಇಂಥ ಗಂಡಾಂತರದ ಹೊತ್ತಿನಲ್ಲಿ ಶರಣ್ಯಾ ರಾಗಿ ಡಬ್ಬವನ್ನು ಗಂಡನ ಮುಂದೆ ಕುಕ್ಕಿದಳು.

"ಮಿಲ್ಲಿಗೆ ಹೋಗ್ಬನ್ನಿ. ಹಿಟ್ಟು ಮುಗೀತು."

"ಚೀಲದಲ್ಲಿ ಜಾಗ ಮಾಡ್ಕೋಬೇಕು ಕಣೇ!"

"ಅದನ್ನ ನಾನು ನೋಡ್ಕೋತೀನಿ. ಬೇಡದ್ದನ್ನ ಮಾರಿದ್ರೆ ಆಯ್ತು ತಾನೆ?"

ಬೇರೆ ದಾರಿಯಿಲ್ಲದೆ ಗಿರಿರಾಜ ಯಾವ ಗುಂಡಿ ಒತ್ತಬೇಕೆಂದು ತೋರಿಸಿ ಹೊರಟ. ಮಿಲ್ಲಿನಲ್ಲಿ ಉದ್ದನೆಯ ಕ್ಯೂ. ಏದುಸಿರು ಬಿಡುತ್ತ ಮರಳಿದಾಗ ಹನ್ನೊಂದಕ್ಕೆ ಐದೇ ನಿಮಿಷ. ಚೀಲ ತೆರೆದವನು ಕೂಗಿಕೊಂಡ.

"ನನ್ನ ಡ್ರ್ಯಾಗನ್ ಕತ್ತಿ ಎಲ್ಲೇ?"

"ಆ ಮೂಳೆದಾ? ಥೂ! ಬ್ರೆಡ್ಡು, ಸೇಬು ಇರೋ ಚೀಲದಲ್ಲೇ ಮೂಳೆ ಇಟ್ಕೊಂಡಿದೀರಲ್ರೀ! ಮೊಟ್ಟೇನೂ ತರದ ಮನೆ ಇದು. ಆಟದಲ್ಲಿರೋ ಆ ಕಮ್ಮಾರನಿಗೆ ಕೊಟ್ಟು ದಪ್ಪ ತಳದ ಬಾಣ್ಲಿ ತಗೊಂಡೆ."

"ಮೂರು ಹರಳು ಕೂರಿಸಿದ್ದೆ ಕಣೇ ಅದಕ್ಕೆ!" ಗಿರಿರಾಜನಿಗೆ ನಿಜಕ್ಕೂ ಅಳು ಬಂತು.

"ಬಿಡಿಸ್ಕೊಂಡೇ ಕೊಟ್ಟೆ. ನಾನೇನು ದಡ್ಡೀನಾ? ಮೂರನ್ನೂ ಬಾಣ್ಲಿಗೆ ಕೂರಿಸಿದೀನಿ. ಆ ಕರೀ ಕವಚಕ್ಕೆ ಅರಿಶಿನದ ಬಣ್ಣ ಹೊಡೆದಿದೀನಿ. ನೋಡೋಕೆ ಲಕ್ಷಣವಾಗಿರಲಿ."

ಯುದ್ಧ ಶುರುವಾಯಿತು. ಬಾಣಲೆ ಹಿಡಿದು ಹೋರಾಡುವುದು ವೀರರಿಗೆ ಶೋಭೆಯೇ? ಚೀಲದ ತಳದಲ್ಲಿದ್ದ ಹಣ್ಣು ಕೊಯ್ಯುವ ಚಾಕು ಹಿಡಿದು, ಅರಿಶಿನ ಹಚ್ಚಿದ ಮದುಮಗನಂತೆ ಮುನ್ನುಗ್ಗಿದ ಕ್ಯಾಪ್ಟನ್ ಮೊದಲ ಏಟಿಗೇ ನೆಲಕ್ಕುರುಳಿದ. ಭೈರೇಶ ಬೈಯುತ್ತಲೇ ಮದ್ದು ಹಾಕಿ ಎಬ್ಬಿಸಿದ. ಗಿರಿರಾಜ ಮತ್ತೆ ಉರುಳಿದ, ಭೈರೇಶ ಮತ್ತೆ ಎಬ್ಬಿಸಿದ. ಮೂರನೇ ಸಲ ಎಬ್ಬಿಸುವಷ್ಟರಲ್ಲಿ ಗಿರಿರಾಜ ಕಂಟ್ರೋಲರನ್ನೇ ಸೋಫಾದ ಮೇಲೆ ಎಸೆದು ತಲೆ ಹಿಡಿದುಕೊಂಡು ಕೂತ.

ಶರಣ್ಯಾ ಅದನ್ನು ಎತ್ತಿಕೊಂಡಳು. ಮೊದಲು ತಂಡದವರಿಗೆಲ್ಲ ಬ್ರೆಡ್ಡು ಹಂಚಿದಳು. ಹಸಿದವರನ್ನು ಯುದ್ಧಕ್ಕೆ ಕಳಿಸುವ ಜಾತಿಯಲ್ಲ ಅವಳದು. ಆಮೇಲೆ ಬಾಣಲೆ ಬೀಸಿದಳು. ಮೂರು ಹರಳಿನ ಪೆಟ್ಟು ನೆತ್ತಿಗೆ ಬಿದ್ದದ್ದೇ ತಡ, ಕೋಟೆಯ ರಾಕ್ಷಸ ಅಂಗಾತ ಮಲಗಿದ.

"ಅತ್ತಿಗೇ, ಸೂಪರ್!" ಸ್ಪೀಕರಿನಲ್ಲಿ ಭೈರೇಶ ಕಿರುಚಿದ. "ಇನ್ಮೇಲೆ ನೀವೇ ಕ್ಯಾಪ್ಟನ್. ಪಕ್ಕದ ಕೋಟೆನೂ ಮುಗಿಸ್ಬಿಡೋಣ್ವಾ?"

"ಮಗಾ, ನಾನು?" ಎಂದ ಗಿರಿರಾಜ.

ಉತ್ತರ ಕೊಟ್ಟವಳು ಟಿವಿಯಿಂದ ಕಣ್ಣು ಕೀಳದೆ ಕೂತಿದ್ದ ಶರಣ್ಯಾ.

"ರೀ, ಒಲೆ ಮೇಲೆ ಕುಕ್ಕರಲ್ಲಿ ಬೇಳೆಗಿಟ್ಟಿದೀನಿ. ಮೂರು ಸಲ ಕೂಗಿದ್ಮೇಲೆ ಆರಿಸಿ, ಒಗ್ಗರಣೆ ಹಾಕ್ಬಿಡಿ. ನಮಗೆ ಯುದ್ಧ ಇದೆ."