ಪಿನ್ನಿನ ಮಂಡಿ, ಅಂಟಿನ ಮಂಡಿ

ಹೊಲಿಗೆ ಕಲಿಸಿದವಳು ತನ್ನ ಮೈಯನ್ನೇ ಹೊಲಿಯಲು ಕೊಟ್ಟರೆ ಅವಾಂತರಗಳಿಗೆ ಕೊನೆಯೇ ಇಲ್ಲ. ಮೂಡಿಗೆರೆಯಲ್ಲಿ ಹೊಲಿಗೆ ಕ್ಲಾಸ್ ನಡೆಸುತ್ತಿದ್ದ ನನಗೆ ಎರಡೂ ಮಂಡಿ ಸವೆದು ಪೆಡಲ್ ತುಳಿಯುವುದೇ ನಿಂತುಹೋಯಿತು. ಮತ್ತೆ ಮಿಷನ್ ತುಳಿಯಬೇಕೆಂಬ ಒಂದೇ ಆಸೆಯಿಂದ ಚಿಕ್ಕಮಗಳೂರಿನ ಆಸ್ಪತ್ರೆ ಸೇರಿದೆ.

ಟ್ರಯಲ್

ಮೊದಲು ಎಡಮಂಡಿ ಬದಲಿಸಿದರು. ಬ್ಯಾಂಡೇಜ್ ಬಿಚ್ಚಿದರೆ ಗಾಯದುದ್ದಕ್ಕೂ ಸಾಲಾಗಿ ಸ್ಟೀಲ್ ಪಿನ್ನು! ನಮ್ಮ ಕಸುಬಿನಲ್ಲಿ ಪಿನ್ ಹಾಕುವುದು ಹೊಲಿಯುವ ಮುಂಚಿನ ಟ್ರಯಲ್‌ಗೆ.

"ಡಾಕ್ಟ್ರೇ, ಹೊಲಿಯೋದು ಯಾವಾಗ?"

"ಹೊಲಿಗೆ ಇಲ್ಲಮ್ಮ, ಇದೇ ಫೈನಲ್."

"ಹಾಗಾದ್ರೆ ಅಳತೆ ಇನ್ನೊಂದ್ಸಲ ನೋಡ್ಕೊಳ್ಳಿ, ಆಮೇಲೆ ಬಿಚ್ಚೋದು ಕಷ್ಟ."

ಅಂಟು

ಮರುವರ್ಷ ಬಲಮಂಡಿಯ ಸರದಿ. "ಈ ಸಲ ಮೇಲೆ ಬರೀ ಅಂಟು. ಒಳಗೆ ದಾರದ ಹೊಲಿಗೆ ಇದೆ, ಹೆದರ್ಬೇಡಿ. ಎರಡ್ರಲ್ಲಿ ಯಾವ್ದು ಚೆಂದ, ನೀವೇ ಹೇಳಿ," ಎಂದರು ಡಾಕ್ಟರು. ಚೆಂದವೇನೋ ಹೌದು. ಆದರೆ ನೋಡಲು ಬಂದ ಕಳಸದ ನಾದಿನಿ ಎದೆಯ ಮೇಲೆ ಕೈಯಿಟ್ಟುಕೊಂಡಳು.

"ಅಂಟಾ? ನಮ್ಮ ಮಳೇಲಿ ಹೊಸ ಚಪ್ಪಲಿ ಸೋಲೇ ಕಿತ್ಕೊಂಡು ಬರತ್ತೆ ಮಾರಾಯ್ತಿ!"

ಅಷ್ಟೇ ಸಾಕಾಯಿತು. ಡಾಕ್ಟರು ಓದಿದ್ದೆಲ್ಲ ಚಪ್ಪಲಿಯ ಮುಂದೆ ಸೋತಿತು.

ಮಡಿಸಿ ಟೀಚರ್

ಮಂಡಿಗೆ ವ್ಯಾಯಾಮ ಮಾಡಿಸಲು ಬರುತ್ತಿದ್ದವಳು ನನ್ನ ಹಳೆಯ ಶಿಷ್ಯೆಯೇ. "ಕಾಲು ಮಡಿಸಿ ಟೀಚರ್," ಎಂದಾಗಲೆಲ್ಲ ನಾನು ಎಡಗಾಲು ಮಡಿಸಿ ತೋರಿಸುತ್ತಿದ್ದೆ.

"ಅದಲ್ಲ, ಇದು."

"ಇದು ಇನ್ನೂ ಒಣಗ್ಲಿ ತಾಯಿ, ಅಂಟು ಬಿಟ್ಕೊಂಡ್ರೆ?"

ಗಾಯ ಒಣಗಿತು. ಅದರ ಜೊತೆ ಮಂಡಿಯೂ ಕೊರಡಾಯಿತು. ಅವಳಿಗೆ ಅಳುವೇ ಬಂತು. "ಹೊಲಿದ್ಮೇಲೆ ಎಳೆದು ನೋಡಿ ಅಂತ ಸ್ಕೇಲಲ್ಲಿ ಹೊಡೆದು ಕಲಿಸಿದ್ರಲ್ಲ ಟೀಚರ್, ನಿಮ್ಮದನ್ನ ಒಂದ್ಸಲನೂ ಎಳೆದು ನೋಡ್ಲಿಲ್ವಲ್ಲ!" ನಾನು ಗೋಡೆ ಕಡೆ ತಿರುಗಿ ಮಲಗಿದೆ.

ಅಡ್ಡಗಾಲು

ಈಗ ಪಿನ್ನಿನ ಮಂಡಿಯ ಮೇಲೆ ರೈಲು ಹಳಿಯಂಥ ಕಲೆ, ಆದರೆ ಸಲೀಸಾಗಿ ಮಡಿಯುತ್ತದೆ. ಅಂಟಿನದರಲ್ಲಿ ಗೆರೆಯೇ ಕಾಣದು, ಮಡಿಯುವುದೂ ಇಲ್ಲ. ಪಾಪ, ಅಂಟಿನ ತಪ್ಪೇನಿಲ್ಲ. ನನ್ನ ಹೆದರಿಕೆಯೇ ನನ್ನ ಪೆಡಲ್ ಕಿತ್ತುಕೊಂಡಿತು.

ಹಟಕ್ಕೆ ಬಿದ್ದು ಮಿಷನ್ ಮುಂದೆ ಕೂರುತ್ತೇನೆ. ಎಡಗಾಲು ಪೆಡಲ್ ಮೇಲೆ, ಬಲಗಾಲು ನೆಟ್ಟಗೆ ಬಾಗಿಲಿಗೆ ಅಡ್ಡ. ಮೊನ್ನೆ ರವಿಕೆ ಅಳತೆ ಕೊಡಲು ಬಂದ ಪಕ್ಕದ ಮನೆಯವಳು ಎಡವಿ ಬೀಳುವುದರಲ್ಲಿದ್ದಳು.

"ಅಯ್ಯೋ, ಕಾಲು ಮಡ್ಚಿ ಟೀಚರ್!"

"ಅದು ಮಡಿಚೋಕಲ್ಲ ಮಾರಾಯ್ತಿ," ಎಂದೆ, "ಚೆಂದ ನೋಡೋಕೆ."