ಭಾವನ ಲೆಕ್ಕವೂ ಅಮ್ಮನ ಕವಾಟವೂ

ನಮ್ಮ ಭಾವನ ಕೈಗೆ ಕಾಫಿ ಕೊಟ್ಟರೆ ಅದು ತಣ್ಣಗಾಗುವುದು ಖಂಡಿತ. ಕುಡಿಯುವುದಿಲ್ಲ ಎಂದಲ್ಲ. ಕುಡಿಯುವ ಮೊದಲು ಅದನ್ನು ಅಲುಗಾಡಿಸಿ ನೋಡಬೇಕು. ಲೋಟವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ವಾಲಿಸುತ್ತಾರೆ, ಕಾಫಿ ಅಂಚಿಗೆ ಬಡಿದು ಹಿಂದಿರುಗುವುದನ್ನು ನೋಡುತ್ತಾರೆ, ತಮ್ಮಷ್ಟಕ್ಕೆ ತಾವೇ ನಗುತ್ತಾರೆ. ಬಾಗಲಗುಂಟೆಯ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನವೂ ಹೀಗೇ ಮಾಡಿದ್ದರು. ಅಕ್ಕ ತಲೆ ತಗ್ಗಿಸಿ ಕುಳಿತಿದ್ದಳು. ಅವರು ಲೋಟದೊಳಗೆ ಕಣ್ಣು ನೆಟ್ಟು ಕುಳಿತಿದ್ದರು. "ಉಡ್ಗಂಗೆ ಎಷ್ಟ್ ನಾಚ್ಕೆ ನೋಡು" ಎಂದು ಅಮ್ಮ ಮೆಚ್ಚಿಕೊಂಡಳು. ನಾಚಿಕೆಯಲ್ಲ, ಕಾಫಿ ಎಂದು ಗೊತ್ತಾಗುವ ಹೊತ್ತಿಗೆ ಮದುವೆ ಮುಗಿದಿತ್ತು.

ಭಾವ ಧಾರವಾಡದ ಕಡೆಯವರು. ಯಲಹಂಕದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೇಷ್ಟ್ರು. ನಿಮ್ಮ ಸಂಶೋಧನೆ ಯಾವುದರ ಮೇಲೆ ಎಂದು ಅವರನ್ನು ಕೇಳಿ ಬಸ್ಸು ತಪ್ಪಿಸಿಕೊಂಡವರು ನಮ್ಮ ನೆಂಟರಲ್ಲೇ ಹಲವರಿದ್ದಾರೆ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವಳು. ನನಗೆ ಅರ್ಥವಾಗುವ ಹಾಗೆ ಹೇಳಿ ಎಂದು ಒಮ್ಮೆ ಪಟ್ಟು ಹಿಡಿದೆ.

"ನೋಡ್ರಿ ಟೀಚರ್, ಗಾಳಿ ಬಂದು ಕಿಟಕಿ ಪರದೆ ತಳ್ಳತದ. ಪರದೆ ಬಾಗತದ. ಬಾಗಿದ ಮ್ಯಾಲೆ ಗಾಳಿ ಹೋಗೋ ದಾರೀನ ಬ್ಯಾರೆ ಆಗ್ತದ. ಬ್ಯಾರೆ ದಾರಿ ಹಿಡದ ಗಾಳಿ ಪರದೇನ ಬ್ಯಾರೆ ಥರಾ ತಳ್ಳತದ. ಹಿಂಗ ಇಬ್ರೂ ಒಬ್ಬರನ್ನೊಬ್ರು ಬದಲ್ ಮಾಡ್ಕೋತ ಹೋಗ್ತಾರ. ಇದನ್ನ ಸಣ್ಣ ಸಣ್ಣ ಚೂರು ಮಾಡಿ ಕಂಪ್ಯೂಟರ್‌ನಾಗ ಲೆಕ್ಕಾ ಹಾಕೋದು ನನ್ನ ಕೆಲಸ."

"ಗಂಡ ಹೆಂಡತಿ ಜಗಳದ ಹಾಗೆ?"

"ಅದರ ಲೆಕ್ಕಾ ಇನ್ನೂ ಯಾರಿಗೂ ಸಿಕ್ಕಿಲ್ರಿ."

ಇಂಥವರನ್ನು ರಸ್ತೆಗೆ ಬಿಡುವುದೂ ಕಷ್ಟ. ಅಕ್ಕ ಒಮ್ಮೆ ಯಶವಂತಪುರ ಮಾರ್ಕೆಟ್ಟಿಗೆ ತರಕಾರಿಗೆ ಕಳಿಸಿದ್ದಳು. ತರಕಾರಿ ಚೀಲ ಸ್ಕೂಟರಿಗೆ ಸಿಕ್ಕಿಸಿಕೊಂಡು ನಮ್ಮ ಮನೆಗೇ ಹೊರಟವರು, ಗೊರಗುಂಟೆಪಾಳ್ಯದ ಸಿಗ್ನಲ್ಲಿನಲ್ಲಿ ಒಂದು ಲಾರಿಯ ಹಿಂದೆ ನಿಂತಿದ್ದಾರೆ. ಲಾರಿ ಹೊರಟಿತು, ಅದರ ಟಾರ್ಪಾಲಿನ ತುದಿ ಗಾಳಿಗೆ ಪಟಪಟ ಹೊಡೆದುಕೊಳ್ಳತೊಡಗಿತು. ಅದನ್ನೇ ನೋಡುತ್ತ ಲಾರಿಯ ಹಿಂದೆ ಹೋದ ಭಾವನಿಗೆ ನಮ್ಮ ಮನೆಯ ತಿರುವು ಎಲ್ಲಿ ಕಾಣಬೇಕು? ಊರಾಚೆಯ ನೆಲಮಂಗಲದಿಂದ ಫೋನು ಬಂತು. "ಸ್ವಲ್ಪ ಮುಂದ ಬಂದೇನಿ" ಎಂದರು.

ಇನ್ನು ರಾಜಾನುಕುಂಟೆಯ ಬೀಗರೂಟ. ನಮ್ಮ ಸೋದರಮಾವನಿಗೆ ಅಲ್ಲಿ ಹೊಲವಿತ್ತು, ಈಗ ಹೊಲದಲ್ಲಿ ಲೇಔಟಿದೆ. ಮಗಳ ಬೀಗರೂಟಕ್ಕೆ ಖಾಲಿ ಸೈಟುಗಳ ಮೇಲೆ ದೊಡ್ಡ ಶಾಮಿಯಾನ ಹಾಕಿಸಿದ್ದರು. ಭಾವ ಬಂದವರೇ ಬಟ್ಟೆ ಉಬ್ಬುವುದನ್ನು ನೋಡುತ್ತ ಕತ್ತೆತ್ತಿ ಒಂದು ಸುತ್ತು ಹಾಕಿದರು. ಆಮೇಲೆ ಮಾವನ ಹತ್ತಿರ ಹೋಗಿ, "ನಾಲ್ಕೂ ಕಡೆ ಬಟ್ಟಿ ತಗಸ್ರಿ, ಗಾಳಿ ಹಾದು ಹೋಗಲಿ. ಇಲ್ಲಂದ್ರ ಜೋರು ಗಾಳಿಗೆ ಕಂಬ ಕಿತ್ತು ಬರ್ತಾವ" ಎಂದರು.

"ಏನ್ ಸಾಮಿ, ಊಟಕ್ಕೆ ಬಂದವ್ರು ಕಂಬ ಎಣಿಸ್ತಾ ಅವ್ರೆ" ಎಂದು ಮಾವ ಗೊಣಗಿದರು. ಆದರೂ ಮನೆಯ ಅಳಿಯನ ಮಾತು ತೆಗೆದುಹಾಕಲಾಗದೆ ಬಟ್ಟೆ ಬಿಚ್ಚಿಸಿದರು. ಮಧ್ಯಾಹ್ನ ಎರಡನೇ ಪಂಕ್ತಿಯ ಹೊತ್ತಿಗೆ ಗಾಳಿ ಎದ್ದೇ ಎದ್ದಿತು. ಒಂದು ಕಂಬವೂ ಅಲುಗಲಿಲ್ಲ. ಆದರೆ ತೆರೆದ ನಾಲ್ಕು ಕಡೆಯಿಂದ ಆ ಲೇಔಟಿನ ಕೆಂಪು ಮಣ್ಣೆಲ್ಲ ಎದ್ದುಬಂದು ಎಲೆಗಳ ಮೇಲೆ ಇಳಿಯಿತು. ಶಾಮಿಯಾನ ಉಳಿಯಿತು, ಊಟ ಉಳಿಯಲಿಲ್ಲ. ಮಾವ ಆರು ತಿಂಗಳು ಭಾವನ ಜೊತೆ ಮಾತಾಡಲಿಲ್ಲ. ಭಾವನಿಗೆ ಅದು ಗೊತ್ತಾಗಲೂ ಇಲ್ಲ.

ಕೆಲವು ವರ್ಷಗಳಿಂದ ಭಾವ ಗಾಳಿ, ಬಟ್ಟೆ ಬಿಟ್ಟು ಹೃದಯಕ್ಕೆ ಕೈ ಹಾಕಿದ್ದಾರೆ. ಹೃದಯದ ಬಾಗಿಲಲ್ಲಿ ಮೂರು ಎಸಳಿನ ತೆಳು ಕವಾಟವಿರುತ್ತದಂತೆ. ರಕ್ತ ತಳ್ಳಿದಾಗ ತೆರೆದು, ರಕ್ತ ಹಿಂದೆ ಬರದ ಹಾಗೆ ಮುಚ್ಚಿಕೊಳ್ಳುತ್ತದಂತೆ. ಅದನ್ನು ಕಂಪ್ಯೂಟರಿನಲ್ಲಿ ಬಡಿಯುವಂತೆ ಮಾಡುವುದು ಈಗಿನ ಕೆಲಸ. ರಕ್ತಕ್ಕೊಂದು ಲೆಕ್ಕ, ಎಸಳಿಗೊಂದು ಲೆಕ್ಕ. ಹೆಜ್ಜೆ ಹೆಜ್ಜೆಗೂ ಎರಡೂ ಕೂಡಿ ಬರಬೇಕು. ಎಸಳೂ ರಕ್ತವೂ ಹೆಚ್ಚುಕಡಿಮೆ ಒಂದೇ ತೂಕದವಾದ್ದರಿಂದ ಅವುಗಳ ಲೆಕ್ಕ ಕೂಡಿಸುವುದು ಬಹಳ ಕಷ್ಟವಂತೆ. ಕೂಡಿ ಬರದಿದ್ದರೆ ಸಂಖ್ಯೆಗಳು ಹುಚ್ಚೆದ್ದು ಬೆಳೆದು ಎಲ್ಲವೂ ಚಿಂದಿಯಾಗುತ್ತದೆ.

ಹಾಗೆ ಚಿಂದಿಯಾದ ಸುದ್ದಿ ಅವರಿಗೆ ಒಮ್ಮೆ ಹೆಬ್ಬಾಳದ ಹತ್ತಿರ, ತುಂಬಿದ ಬಸ್ಸಿನಲ್ಲಿ ಬಂತು. ಫೋನು ಮಾಡಿದ್ದು ಅವರ ವಿದ್ಯಾರ್ಥಿನಿ. ನಾನು ಪಕ್ಕದಲ್ಲೇ ಕುಳಿತಿದ್ದೆ.

"ಏನು, ಕವಾಟ ಹರದುಹೋತಾ?" ಎಂದು ಭಾವ ಇಡೀ ಬಸ್ಸಿಗೆ ಕೇಳುವಂತೆ ಕೂಗಿದರು. "ರಕ್ತ ಎಲ್ಲಾ ಕಡೆ ಹೋತಾ? ಹೋಗ್ಲಿ ಬಿಡವ್ವಾ, ಅಳಬ್ಯಾಡ. ನಿನ್ನೆ ಒಬ್ಬಾಂವ ಹಿಂಗ ಹೋದ, ಇವತ್ತು ಇಂವ. ನಾಳೆ ಇನ್ನೊಂದು ಮಾಡೋಣು."

ಬಸ್ಸಿನವರೆಲ್ಲ ನಮ್ಮ ಕಡೆ ತಿರುಗಿದರು. ಮುಂದಿನ ಸೀಟಿನ ಅಜ್ಜಿಯೊಬ್ಬರು ಕೈಮುಗಿದರು. ಕಂಡಕ್ಟರು ನಿಧಾನವಾಗಿ ಹತ್ತಿರ ಬಂದು, "ಯಾವ ಆಸ್ಪತ್ರೆ ಡಾಕ್ಟ್ರು ಸಾರ್ ನೀವು?" ಎಂದು ಕೇಳಿದರು. ಆ ಆಸ್ಪತ್ರೆಗೆ ಮಾತ್ರ ಹೋಗಬಾರದು ಎಂಬ ಮುಂಜಾಗ್ರತೆ ಅವರ ಮುಖದಲ್ಲಿ ಸ್ಪಷ್ಟವಾಗಿತ್ತು.

"ಪೇಶೆಂಟ್ ಕಂಪ್ಯೂಟರ್‌ನಾಗ ಅದಾನ್ರಿ" ಎಂದರು ಭಾವ. ಯಾರೂ ನಂಬಲಿಲ್ಲ. ನಾವು ಮುಂದಿನ ಸ್ಟಾಪಿನಲ್ಲಿ ಇಳಿದು ಆಟೋ ಹಿಡಿದೆವು.

ಹೀಗೆ ನಗುತ್ತಿದ್ದ ನಮ್ಮ ಮನೆಗೇ ಕಳೆದ ವರ್ಷ ಕವಾಟ ಬಂತು. ಅಮ್ಮನಿಗೆ ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು. ಒಂದು ಬೆಳಿಗ್ಗೆ ಬಟ್ಟೆ ಒಣಹಾಕುತ್ತಿದ್ದವಳು ತಲೆಸುತ್ತಿ ಕುಸಿದಳು. ಪರೀಕ್ಷೆ ಮಾಡಿದ ಡಾಕ್ಟರು, ಹೃದಯದ ಮುಖ್ಯ ಕವಾಟ ಗಟ್ಟಿಯಾಗಿ ತೆರೆಯುತ್ತಿಲ್ಲ, ಆಪರೇಷನ್ ಮಾಡಿ ಬದಲಾಯಿಸಬೇಕು, ತಡಮಾಡಬಾರದು ಎಂದರು. ಅಮ್ಮ ಒಪ್ಪಲೇ ಇಲ್ಲ.

"ಈ ವಯಸ್ನಾಗೆ ಎದೆ ಕುಯ್ಯಿಸ್ಕೊಳ್ಳೋದಾ? ಇಷ್ಟ್ ದಿನ ಇಂಗೇ ನಡ್ಕೊಂಡ್ ಬಂದೈತೆ, ಇನ್ಮೇಕೂ ಇಂಗೇ ನಡೀತದೆ."

ನಾನು ಬೇಡಿಕೊಂಡೆ. ಅಕ್ಕ ಅತ್ತಳು. ಮಾವ ರಾಜಾನುಕುಂಟೆಯಿಂದ ಬಂದು ಗದರಿದರು. ಅಮ್ಮ ಯಾರಿಗೂ ಜಗ್ಗಲಿಲ್ಲ. ವಾರಗಳು ಉರುಳಿದವು, ಅವಳ ಉಸಿರು ಮಾತಿನ ಮಧ್ಯೆಯೇ ನಿಲ್ಲತೊಡಗಿತು. ಆಗ ಒಂದು ಭಾನುವಾರ ಭಾವ ಲ್ಯಾಪ್‌ಟಾಪು ಹಿಡಿದು ಬಂದರು.

"ರೀ, ಇವತ್ತಾದ್ರೂ ಪಾಠ ಬೇಡ" ಎಂದಳು ಅಕ್ಕ.

ಭಾವ ಕೇಳಿಸಿಕೊಳ್ಳಲಿಲ್ಲ. ಅಮ್ಮ ಮಂಚದ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಮೊರದ ಪಕ್ಕದಲ್ಲೇ ಲ್ಯಾಪ್‌ಟಾಪು ಇಟ್ಟು ತೆರೆದರು. ಪರದೆಯ ಮೇಲೆ ಮೂರು ಎಸಳು ನಿಧಾನವಾಗಿ ಬಿಚ್ಚಿಕೊಂಡವು, ಮತ್ತೆ ಮುಚ್ಚಿಕೊಂಡವು. ಅಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದಳು.

"ಅಸು ಮೆಲುಕು ಆಕ್ದಂಗೈತೆ. ಇದ್ಯಾರ್ದು ಅಳಿಯಂದ್ರೇ?"

"ಯಾರದೂ ಅಲ್ರಿ ಅತ್ತಿ, ಲೆಕ್ಕದ್ದು. ಇದು ಮೆತ್ತಗದ, ರಕ್ತ ಮುಟ್ಟಿದ ಕೂಡ್ಲೆ ಬಾಗತದ. ನಿಮ್ಮದು ಒಣಗಿದ ಚರ್ಮ ಆದಂಗ ಆಗ್ಯದ. ರಕ್ತ ಜೋರು ಹಾಕಿ ತಳ್ಳತದ, ಅದು ಬಾಗಂಗಿಲ್ಲ. ಅದಕ್ಕ ನಿಮಗ ದಮ್ಮು."

ಅಮ್ಮ ಇನ್ನೂ ಸ್ವಲ್ಪ ಹೊತ್ತು ನೋಡಿದಳು. "ನಿಮ್ ಡಬ್ಬೀಲಿ ಇದು ದಿನಕ್ ಎಷ್ಟ್ ಕಿತ ಬಡ್ಕಂತದೆ?"

ಸುಳ್ಳು ಹೇಳಲು ಬಾರದ ಭಾವನ ಮುಖ ಸಣ್ಣಗಾಯಿತು. "ದಿನಕ್ಕ ಒಂದೂ ಇಲ್ರಿ. ಒಂದು ಬಡಿತದ ಲೆಕ್ಕಾ ಮುಗಿಯಾಕ ಹೆಚ್ಚೂಕಡಿಮಿ ಒಂದು ವಾರ ಹಿಡೀತದ. ಅದೂ ನಡುವ ಹರೀಲಿಲ್ಲಂದ್ರ."

ಅವರೆಕಾಯಿ ಸುಲಿಯುವ ಕೈ ನಿಂತಿತು. "ಒಂದೇಟ್ ಬಡಿಯಾಕೆ ಒಂದ್ ವಾರವಾ?" ಎಂದು ಅಮ್ಮ ನಗಲು ಶುರು ಮಾಡಿದಳು. ನಕ್ಕು ನಕ್ಕು ಉಸಿರು ಕಟ್ಟಿತು. ಅಕ್ಕ ಓಡಿಹೋಗಿ ನೀರು ತಂದಳು. ನೀರು ಕುಡಿದ ಅಮ್ಮ ಎದೆಯ ಮೇಲೆ ಕೈ ಇಟ್ಟುಕೊಂಡಳು.

"ನಾನು ಉಂಡ್ರೂ ಉಣ್ದಿದ್ರೂ, ಮಲಗಿದ್ರೂ ಎದ್ರೂ, ಒಂದ್ ಕಿತಾನೂ ಬ್ಯಾಡ ಅಂದಿಲ್ಲ ಇದು, ಪಾಪ. ಇದುಕ್ಕೊಂದು ರಿಪೇರಿ ಮಾಡ್ಸಕ್ಕೆ ನಾನ್ಯಾಕೆ ಬ್ಯಾಡ ಅನ್ಲಿ? ಡಾಕ್ಟ್ರಿಗೆ ಫೋನ್ ಮಾಡಿ."

ನಾವಿಬ್ಬರೂ ಭಾವನ ಮುಖ ನೋಡಿದೆವು. ಅವರಾಗಲೇ ಫೋನು ಹುಡುಕುತ್ತಿದ್ದರು.

ಆಪರೇಷನ್ ದಿನ ನಮಗಿದ್ದ ಇನ್ನೊಂದು ಹೆದರಿಕೆ, ಭಾವ ಸರ್ಜನ್ನರನ್ನು ಹಿಡಿದು ನಿಲ್ಲಿಸಿಕೊಂಡರೆ ಏನು ಗತಿ ಎಂಬುದು. ಒಳಗೆ ಹೋಗುವ ಮೊದಲು ಸರ್ಜನ್ನರೇ, "ಏನಾದ್ರೂ ಕೇಳೋದಿದೆಯಾ?" ಎಂದರು. ನಾವು ಉಸಿರು ಬಿಗಿಹಿಡಿದೆವು. ಭಾವ ಇಲ್ಲವೆಂದು ತಲೆಯಾಡಿಸಿದರು, ಹೋಗಿ ಮೂಲೆಯ ಕುರ್ಚಿಯಲ್ಲಿ ಕುಳಿತರು. ಕುಳಿತವರು ಕುಳಿತೇ ಇದ್ದರು. ಗಂಟೆಗಳು ಕಳೆದರೂ ಒಂದು ಮಾತಿಲ್ಲ. ಮಾತಾಡಿಸು ಎಂದು ಅಕ್ಕ ನನಗೆ ಸನ್ನೆ ಮಾಡಿದಳು.

"ಭಾವ, ಆ ಕಿಟಕಿ ಪರದೆ ನೋಡಿ, ಎಷ್ಟು ಚೆನ್ನಾಗಿ ಹಾರಾಡ್ತಿದೆ."

ಅವರು ಕತ್ತೆತ್ತಿ ನೋಡಲಿಲ್ಲ. ನನಗೆ ನಿಜವಾಗಿ ಭಯವಾದದ್ದು ಆಗ.

"ಟೀಚರ್, ಒಳಗ ಏನೇನ್ ಆಗಬಹುದು ಅಂತ ನನಗ ಭಾಳ ಗೊತ್ತದ" ಎಂದರು ಮೆಲ್ಲಗೆ. "ಅದಕ್ಕ ಸುಮ್ಮನ ಕುಂತೇನಿ."

ಸಂಜೆಯ ಹೊತ್ತಿಗೆ ಸರ್ಜನ್ನರು ಹೊರಬಂದು ಮುಖಗವಸು ಕೆಳಗಿಳಿಸಿದರು. ಅವರು ನಗುತ್ತಿದ್ದರು. ಹೊಸ ಕವಾಟ ಚೆನ್ನಾಗಿ ಕೂತಿದೆ, ರಕ್ತ ಸಲೀಸಾಗಿ ಹರಿಯುತ್ತಿದೆ ಎಂದರು. ಅಕ್ಕ ನನ್ನನ್ನು ತಬ್ಬಿಕೊಂಡು ಅತ್ತಳು. ತಿಂಗಳುಗಳಿಂದ ನನ್ನ ಹೆಗಲ ಮೇಲೆ ಕುಳಿತಿದ್ದದ್ದು ಏನೋ ಇಳಿದು ಹೋಯಿತು. ಮಾವ ಫೋನು ತೆಗೆದು ಇಡೀ ರಾಜಾನುಕುಂಟೆಗೆ ಸುದ್ದಿ ಹೇಳತೊಡಗಿದರು. ಭಾವ ಸರ್ಜನ್ನರಿಗೆ ಕೈಮುಗಿದು, ಮತ್ತೆ ಅದೇ ಕುರ್ಚಿಗೆ ಹೋಗಿ ಕುಳಿತರು.

ಮರುದಿನ ಬೆಳಿಗ್ಗೆ ಐಸಿಯು ಒಳಗೆ ಒಬ್ಬರನ್ನು ಮಾತ್ರ ಬಿಡುತ್ತೇವೆ ಎಂದರು. ನಾನು ಹೋಗುತ್ತೇನೆ, ತಾನು ಹೋಗುತ್ತೇನೆ ಎಂದು ನಾವು ಅಕ್ಕತಂಗಿಯರು ಜಗ್ಗಾಡುತ್ತಿರುವಾಗ ನರ್ಸು ಬಂದು, "ಪೇಶೆಂಟ್ ಅಳಿಯನ್ನ ಕರೀತಿದ್ದಾರೆ" ಎಂದಳು. ಭಾವ ಒಳಗೆ ಹೋದರು. ಹೋದಷ್ಟೇ ಬೇಗ ಹೊರಗೆ ಬಂದರು. ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಅಕ್ಕ ಅವರ ತೋಳು ಹಿಡಿದು ಅಲುಗಿಸಿದಳು. "ಏನಾಯ್ತು ರೀ? ಅಮ್ಮಂಗೇನಾಯ್ತು?"

"ಏನೂ ಆಗಿಲ್ಲ. ಚಲೋ ಅದಾರ."

"ಮತ್ತೆ ಯಾಕೆ ಅಳ್ತಿದ್ದೀರಿ?"

ಭಾವ ಕರ್ಚೀಫಿನಿಂದ ಮೂಗು ಒರೆಸಿಕೊಂಡರು. "ಕಣ್ಣು ತೆರೆದು ನನ್ನ ನೋಡಿದ್ರು. 'ಮಕ ಬಾಡೋಗೈತೆ, ಊಟ ಮಾಡಿಲ್ವಾ ಅಳಿಯಂದ್ರೇ' ಅಂತ ಕೇಳಿದ್ರು."

ನಾನೂ ಅಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹಿಂದಿನ ದಿನ ನಾವು ಸರದಿಯ ಮೇಲೆ ಕ್ಯಾಂಟೀನಿಗೆ ಹೋಗಿಬಂದಿದ್ದೆವು. ಮಾವನಿಗೆ ಇಡ್ಲಿ ತಂದುಕೊಟ್ಟಿದ್ದೆವು. ಭಾವ ಊಟಕ್ಕೆಂದು ಆ ಕುರ್ಚಿ ಬಿಟ್ಟು ಎದ್ದೇ ಇಲ್ಲವೆಂಬುದು ನಮ್ಮ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಅಕ್ಕ ಅಷ್ಟು ಜನರ ನಡುವೆ, ತನ್ನ ಸೆರಗಿನಿಂದ ಗಂಡನ ಮುಖ ಒರೆಸಿ, ಕೈಹಿಡಿದು ಕ್ಯಾಂಟೀನಿನ ಕಡೆಗೆ ಕರೆದುಕೊಂಡು ಹೋದಳು.